ಗಲ್ಲಾದ ಚಿಲ್ಲರೆಯಲ್ಲಿ ಯಾವ ನಾಣ್ಯ ಎತ್ತಿಡಬೇಕು: ನನ್ನ ಅನುಭವ

ನಮ್ಮದು ದಿನಸಿ ಅಂಗಡಿ. ರಾತ್ರಿ ಗಲ್ಲಾ ಎಣಿಸುವಾಗ ಚಿಲ್ಲರೆಯನ್ನು ಎರಡು ಸಲ ನೋಡುವುದು ನನ್ನ ಅಭ್ಯಾಸ. ಒಮ್ಮೆ ಲೆಕ್ಕಕ್ಕೆ, ಇನ್ನೊಮ್ಮೆ ನನ್ನ ಖುಷಿಗೆ. ಹೀಗೆ ನೋಡ್ತಾ ನೋಡ್ತಾ ಒಂದು ವಿಷಯ ಖಾತ್ರಿಯಾಗಿದೆ. ಹಳೇದು ಅಂದ ಮಾತ್ರಕ್ಕೆ ನಾಣ್ಯಕ್ಕೆ ಬೆಲೆ ಬರುವುದಿಲ್ಲ. ಕೋಟಿಗಟ್ಟಲೆ ಅಚ್ಚಾದ ಹತ್ತು ಪೈಸೆ ಐವತ್ತು ವರ್ಷ ಕಳೆದರೂ ಮನೆಮನೆಯ ಡಬ್ಬಿಗಳಲ್ಲಿ ಬಿದ್ದಿದೆ. ಮೊನ್ನೆಮೊನ್ನೆ ಬಂದ ಐದು ರೂಪಾಯಿ ಹೊಳಪು ಮಾಸದೆ ಕೈಗೆ ಸಿಗುವುದು ಅದಕ್ಕಿಂತ ಕಷ್ಟ.

ಹಾಗಾಗಿ ನಾನು ಮೊದಲು ನೋಡುವುದು ಇಸವಿಯನ್ನಲ್ಲ, ಸ್ಥಿತಿಯನ್ನು. ಸಿಂಹದ ಮುಖದ ಗೆರೆಗಳು ಉಳಿದಿವೆಯಾ? ಅಂಚು ಪೆಟ್ಟು ತಿಂದಿದೆಯಾ? ಅಕ್ಷರ ಸವೆದು ಚಪ್ಪಟೆಯಾಗಿದೆಯಾ? ಸವೆದದ್ದು ಸೀದಾ ಗಲ್ಲಾಕ್ಕೆ ವಾಪಸ್. ಒಂದೇ ನಾಣ್ಯದ ಸವೆದ ಪ್ರತಿಗೂ ಹೊಸದರಂತಿರುವ ಪ್ರತಿಗೂ ವ್ಯಾಪಾರಿಗಳು ಕೊಡುವ ಬೆಲೆಯಲ್ಲಿ ಹಲವು ಪಟ್ಟು ಅಂತರ ಇರುತ್ತದೆ.

ಸ್ಥಿತಿ ಚೆನ್ನಾಗಿದ್ದರೆ ಭೂತಗನ್ನಡಿ ಹಿಡಿದು ಇಸವಿಯ ಕೆಳಗೆ ನೋಡುತ್ತೇನೆ. ನಾಣ್ಯ ಯಾವ ಟಂಕಸಾಲೆಯಲ್ಲಿ ಅಚ್ಚಾದದ್ದು ಅನ್ನುವುದರ ಗುರುತು ಅಲ್ಲಿರುತ್ತದೆ. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಗುಂಡನೆಯ ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ನೋಯ್ಡಾ ಟಂಕಸಾಲೆ ಕೆಲಸ ಶುರುಮಾಡಿದ್ದೇ 1988ರಲ್ಲಿ. ನಮ್ಮಲ್ಲಿ ಚಿಲ್ಲರೆಗೆ ಬರ ಬಂದಾಗ ಹೊರದೇಶಗಳಲ್ಲೂ ಅಚ್ಚು ಹಾಕಿಸಿದ್ದಾರೆ. 1985ರ ಒಂದು ರೂಪಾಯಿಯಲ್ಲಿ ಇಸವಿಯ ಕೆಳಗೆ 'ಎಚ್' ಇದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಬಂದದ್ದು. ಇಂಥದ್ದು ಸಿಕ್ಕರೆ ಸ್ವಲ್ಪ ಸವೆದಿದ್ದರೂ ಬಿಡುವುದಿಲ್ಲ. ಒಂದೇ ಇಸವಿ, ಒಂದೇ ಮುಖಬೆಲೆ, ಆದರೆ ಬೇರೆ ಬೇರೆ ಗುರುತು ಅಂತ ಜೋಡಿಸುತ್ತಾ ಹೋದರೆ ಸಂಗ್ರಹಕ್ಕೆ ಒಂದು ಅರ್ಥ ಬರುತ್ತದೆ. ಸುಮ್ನೆ ರಾಶಿ ಹಾಕಿದರೆ ಅದು ಬರೀ ಚಿಲ್ಲರೆ.

ಆಮೇಲೆ ಲೋಹ. ಇದಕ್ಕೆ ಒಂದು ಅಯಸ್ಕಾಂತ, ಒಂದು ಸಣ್ಣ ತಕ್ಕಡಿ ಸಾಕು. 1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ ಅಯಸ್ಕಾಂತಕ್ಕೆ ಅಂಟುತ್ತದೆ. ಅದಕ್ಕೂ ಮುಂಚಿನ ತಾಮ್ರ-ನಿಕಲ್ ಮಿಶ್ರಲೋಹದ ರೂಪಾಯಿ ಅಂಟುವುದಿಲ್ಲ. ಆ ದಪ್ಪನೆಯ ಐದು ರೂಪಾಯಿ ನೆನಪಿದೆ ಅಲ್ವಾ? ಅಂಚಿನ ನಡುವೆ ಸುತ್ತಲೂ ಗೀರು ಇತ್ತು. ತೂಕ 9 ಗ್ರಾಂ. 2007ರಲ್ಲಿ ಬಂದ ಸ್ಟೀಲಿನ ಐದು ರೂಪಾಯಿ ಬರೀ 6 ಗ್ರಾಂ. ದಪ್ಪದ್ದನ್ನು ಕರಗಿಸಿ ಬ್ಲೇಡ್ ಮಾಡುತ್ತಾರೆ ಅಂತ ಆಗ ಪತ್ರಿಕೆಗಳಲ್ಲಿ ಸುದ್ದಿ ಬರುತ್ತಿತ್ತು. ಈಗ 2011ರ ನಾಣ್ಯ ಕಾಯ್ದೆ ಪ್ರಕಾರ ನಾಣ್ಯ ಕರಗಿಸಿದರೆ ಏಳು ವರ್ಷದವರೆಗೂ ಜೈಲು ಆಗಬಹುದು. ದಪ್ಪ ಐದು ರೂಪಾಯಿ ನಮ್ಮ ಗಲ್ಲಾಕ್ಕೆ ಬರುವುದು ಈಗ ಕಮ್ಮಿ. ಬಂದರೆ ಒಳ್ಳೆಯ ಸ್ಥಿತಿಯದ್ದನ್ನು ಎತ್ತಿಡುತ್ತೇನೆ. ಹನ್ನೊಂದು ಮೂಲೆಯ ಎರಡು ರೂಪಾಯಿಗೂ ಇದೇ ನಿಯಮ.

ಅಯಸ್ಕಾಂತದ ಇನ್ನೊಂದು ಉಪಯೋಗ ಮನೆಯ ಹಳೇ ಡಬ್ಬಿಗಳಲ್ಲಿ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಬ್ರಿಟಿಷ್ ರಾಜನ ಮುಖದ, ಒಂದು ರೂಪಾಯಿಯ ಎರಡು ನಾಣ್ಯ ತಂದಿದ್ದರು. 'ಎರಡೂ ಬೆಳ್ಳಿ ಕಣಪ್ಪಾ, ನೋಡು' ಅಂದರು. ಒಂದು ಅಯಸ್ಕಾಂತಕ್ಕೆ ಟಕ್ಕನೆ ಅಂಟಿತು. ಅದು 1947ರ, ಹಿಂಬದಿಯಲ್ಲಿ ಹುಲಿ ಇರುವ ರೂಪಾಯಿ. ಅದು ನಿಕಲ್. ಇನ್ನೊಂದು 1944ರದ್ದು, ಅರ್ಧ ಬೆಳ್ಳಿ. 1940ರಿಂದ ರೂಪಾಯಿಯಲ್ಲಿ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದ್ದರು. ಅದಕ್ಕೂ ಹಿಂದಿನ ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿಯಲ್ಲಿ ನೂರಕ್ಕೆ ತೊಂಬತ್ತೊಂದು ಭಾಗಕ್ಕಿಂತ ಜಾಸ್ತಿ ಬೆಳ್ಳಿ ಇರುತ್ತಿತ್ತು. ತೂಕ 11.66 ಗ್ರಾಂ. ತೂಕದಲ್ಲಿ ಹೆಚ್ಚು ವ್ಯತ್ಯಾಸ ಬಂದರೆ ನಕಲಿ ಅಂತ ಅನುಮಾನ ಪಡಬೇಕು. ಅಜ್ಜಿ ಆ ಬೆಳ್ಳಿ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಫಳಫಳ ಅನ್ನುತ್ತಿತ್ತು, ಆದರೆ ಮೈತುಂಬ ಗೀರು. ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ನಿಂಬೆ, ಪೀತಾಂಬರಿ ಯಾವುದೂ ಬೇಡ. ವರ್ಷಗಳಿಂದ ಕೂತ ಮಾಸಲು ಬಣ್ಣವೇ ನಾಣ್ಯದ ಚರ್ಮ. ಅದನ್ನು ಸುಲಿದರೆ ಸಂಗ್ರಾಹಕರು ತಿರುಗಿಯೂ ನೋಡುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಅಚ್ಚಿನ ತಪ್ಪುಗಳು. ಗಿರಾಕಿಗಳಿಗೆ ಇವು ಹಾಳಾದ ಕಾಯಿನ್, ನಮಗೆ ಹಬ್ಬ. ಹಿಂದಿನ ನಾಣ್ಯ ಅಚ್ಚಿನಲ್ಲೇ ಅಂಟಿಕೊಂಡು, ಅದರ ಮೇಲೆ ಮುಂದಿನದು ಬಿದ್ದರೆ ಒಂದು ಕಡೆ ಚಿತ್ರ ಸರಿಯಾಗಿ ಉಬ್ಬಿರುತ್ತದೆ. ಇನ್ನೊಂದು ಕಡೆ ಅದೇ ಚಿತ್ರ ತಿರುಗುಮುರುಗಾಗಿ ಒಳಕ್ಕೆ ಹೋಗಿರುತ್ತದೆ. ಇದಕ್ಕೆ ವ್ಯಾಪಾರಿಗಳು 'ಲಖಿ' ಅನ್ನುತ್ತಾರೆ. ನಕಲಿ ಲಖಿಯೂ ಓಡಾಡುತ್ತದೆ. ಎರಡು ನಾಣ್ಯವನ್ನು ವೈಸ್‌ನಲ್ಲಿ, ಅಂದರೆ ತಿರುಗಿಸಿ ಬಿಗಿಯುವ ಕಬ್ಬಿಣದ ಹಿಡಿತದಲ್ಲಿ, ಇಟ್ಟು ಒತ್ತಿ ಮಾಡುತ್ತಾರೆ. ಹಾಗೆ ಒತ್ತಿದ್ದರೆ ಎದುರು ಬದಿಯ ಉಬ್ಬು ಅದುಮಿ ಹೋಗಿರುತ್ತದೆ. ಅದನ್ನು ನೋಡಿದರೆ ಗೊತ್ತಾಗುತ್ತದೆ. ಚಿತ್ರ ಪಕ್ಕಕ್ಕೆ ಸರಿದು ಒಂದು ಕಡೆ ಖಾಲಿ ಉಳಿದದ್ದನ್ನೂ ಎತ್ತಿಡುತ್ತೇನೆ. ಇನ್ನೊಂದು ಸುಲಭದ ಪರೀಕ್ಷೆ ಇದೆ. ನಾಣ್ಯವನ್ನು ಪುಸ್ತಕದ ಪುಟದಂತೆ ಬಲದಿಂದ ಎಡಕ್ಕೆ ಮಗುಚಿ. ನಮ್ಮ ಗಣರಾಜ್ಯದ ನಾಣ್ಯಗಳಲ್ಲಿ ಎರಡೂ ಬದಿ ನೆಟ್ಟಗೇ ಇರಬೇಕು. ಹಿಂಬದಿ ಓರೆಯಾಗಿಯೋ ತಲೆಕೆಳಗಾಗಿಯೋ ಕಂಡರೆ ಅಚ್ಚು ತಿರುಗಿದೆ ಅಂತ ಅರ್ಥ. ಎತ್ತಿಡಿ.

ಸ್ಮರಣೆಗಾಗಿ ತಂದ ನಾಣ್ಯಗಳ ವಿಷಯದಲ್ಲಿ ಬೆಲೆ ನೋಡುವುದಿಲ್ಲ, ಮನಸ್ಸಿಗೆ ಬಂದದ್ದು ಇಟ್ಟುಕೊಳ್ಳುತ್ತೇನೆ. 2006ರ ಬಸವೇಶ್ವರರ ಐದು ರೂಪಾಯಿ ಸಿಕ್ಕಾಗ ಗಲ್ಲಾಕ್ಕೆ ವಾಪಸ್ ಹಾಕಲು ಕೈ ಬರುವುದಿಲ್ಲ.

ಆದರೆ ಗಿರಾಕಿಗಳು ಕೇಳುವುದು ಇದನ್ನಲ್ಲ. 'ಅಣ್ಣಾ, ವೈಷ್ಣೋದೇವಿ ಕಾಯಿನ್ ಇದ್ರೆ ಲಕ್ಷಗಟ್ಟಲೆ ಕೊಡ್ತಾರಂತೆ, ಹೌದಾ?' ಹೌದಲ್ಲ. 2012ರ ಆ ಐದು, ಹತ್ತು ರೂಪಾಯಿಗಳು ಬೇಕಾದಷ್ಟು ಇವೆ. ಲಕ್ಷ ಕೊಡುತ್ತೇವೆ ಅನ್ನುವವರು ಮೊದಲು ಕೇಳುವುದು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಕಮಿಷನ್. ತಮ್ಮ ಹೆಸರು, ಲಾಂಛನ ಬಳಸಿ ಹೀಗೆ ಮೋಸ ಮಾಡುತ್ತಿದ್ದಾರೆ, ತಾವು ಇಂಥ ವ್ಯವಹಾರ ಮಾಡುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಮಾರುವವನು ಹಣ ಕೊಡಬೇಕಾಗಿ ಬಂದರೆ ಅಲ್ಲಿಗೇ ಫೋನ್ ಇಡಿ. ರಾಮ, ಹನುಮಂತನ ಚಿತ್ರ ಇರುವ 1818ರ 'ಈಸ್ಟ್ ಇಂಡಿಯಾ ಕಂಪನಿ' ನಾಣ್ಯಗಳೂ ಅಷ್ಟೇ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಈ ನಾಣ್ಯಕ್ಕೆ ಅಕ್ಕಿಕಾಳನ್ನು ತನ್ನತ್ತ ಎಳೆಯುವ ಪವಾಡ ಶಕ್ತಿ ಇದೆ ಅಂತ ಹೇಳಿ ಮಾರುವವರ ಹತ್ತಿರ ಸುಳಿಯಲೂಬೇಡಿ.

ಇಪ್ಪತ್ತು ಪೈಸೆಯ ಹಿತ್ತಾಳೆ ಬಣ್ಣದ ಕಮಲದ ನಾಣ್ಯ ಮಾತ್ರ ಸ್ವಲ್ಪ ಬೇರೆ. 1968ರಿಂದ 1971ರವರೆಗೆ ಅಚ್ಚಾದದ್ದು, ಅಪರೂಪವೇನಲ್ಲ. ಲಕ್ಷ್ಮೀಪೂಜೆಗೆ 108 ಜೋಡಿಸುವವರು ಕೇಳಿಕೊಂಡು ಬರುವುದರಿಂದ ಅದಕ್ಕೆ ಗಿರಾಕಿ ಇದೆ. ಇದು ಈಗ ಚಲಾವಣೆಯಲ್ಲಿ ಇಲ್ಲ. ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನದೆಲ್ಲ 2011ರ ಜೂನ್ 30ಕ್ಕೆ ನಿಂತವು. ಎಂಟಾಣೆ ಕಾನೂನಿನ ಪ್ರಕಾರ ಇವತ್ತಿಗೂ ನಡೆಯುತ್ತದೆ. ಯಾರೂ ತೆಗೆದುಕೊಳ್ಳುವುದಿಲ್ಲ, ನಾನು ತೆಗೆದುಕೊಳ್ಳುತ್ತೇನೆ.

ಎತ್ತಿಟ್ಟದ್ದನ್ನು ಕಿಟಕಿ ಇರುವ ರಟ್ಟಿನ ಹೋಲ್ಡರ್‌ನಲ್ಲಿ ಹಾಕಿ, ಇಸವಿ, ಟಂಕಸಾಲೆ, ಸಿಕ್ಕ ದಿನ ಬರೆದಿಡುತ್ತೇನೆ. ಅಂಚು ಹಿಡಿದೇ ಎತ್ತಬೇಕು, ಬೆರಳ ಬೆವರು ಕಲೆ ಮಾಡುತ್ತದೆ. ಅಗ್ಗದ ಮೆತ್ತನೆ ಪ್ಲಾಸ್ಟಿಕ್ ಆಲ್ಬಂ ಬೇಡ, ಕೆಲವು ವರ್ಷಗಳಲ್ಲಿ ನಾಣ್ಯಕ್ಕೆ ಹಸಿರು ಜಿಡ್ಡು ಹತ್ತುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಅದೇ ಇಸವಿ, ಅದೇ ಗುರುತಿನ ಇನ್ನೂ ಒಳ್ಳೆಯ ಪ್ರತಿ ಸಿಕ್ಕಿದರೆ ಹಳೆಯದನ್ನು ಬೆಳಿಗ್ಗೆ ಗಿರಾಕಿಗೆ ಚಿಲ್ಲರೆಯಾಗಿ ಕೊಟ್ಟುಬಿಡುತ್ತೇನೆ. ಹಾಗಾಗಿ ನನ್ನ ಇಡೀ ಸಂಗ್ರಹ ಇವತ್ತಿಗೂ ಒಂದು ಶೂ ಡಬ್ಬಿಯಲ್ಲಿ ಹಿಡಿಯುತ್ತದೆ.