ಕೈಟ್ ಹಿಲ್‌ನಲ್ಲಿ ಮೂವತ್ತಮೂರು ಜನ, ನಾಲ್ಕು ಮೆಟ್ಟಿಲ ಏಣಿ

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಚೀಟಿಗೆ ಸಹಿ ಹಾಕಿ, ಮತ್ತೆ ಅಲ್ಲೇ ಇಟ್ಟು ಬರುವ ಜಿಯೋಕ್ಯಾಷಿಂಗ್ ಹುಚ್ಚು ನನಗೆ ಸಿಯಾಟಲ್‌ಗೆ ಬಂದ ಮೇಲೆ ಹತ್ತಿದ್ದು. ಈ ಆಟದ ವೆಬ್‌ತಾಣ ನಡೆಸುವ ಕಂಪನಿಯ ಕೇಂದ್ರ ಕಚೇರಿ ಈ ಊರಿನಲ್ಲೇ ಇರುವುದರಿಂದ ಹೊರಗಿನ ಹುಡುಕಾಟದವರೂ ಬಂದುಹೋಗುತ್ತಾರೆ. ಎಲ್ಲರೂ ಸೇರಿ ಒಂದು ಗುಂಪು ಫೋಟೋ ತೆಗೆಸಿಕೊಳ್ಳೋಣ ಅಂತ ನಾನು ಎರಡು ಸಲ ಕೂಟ ಕರೆದೆ.

ಜಾಗ ಎರಡೂ ಸಲ ಗ್ಯಾಸ್ ವರ್ಕ್ಸ್ ಪಾರ್ಕ್. 1956ರವರೆಗೆ ಗ್ಯಾಸ್ ತಯಾರಿಸುತ್ತಿದ್ದ ಕಾರ್ಖಾನೆಯ ತುಕ್ಕು ಹಿಡಿದ ಗೋಪುರಗಳು ಇಲ್ಲಿ ಹಾಗೇ ನಿಂತಿವೆ. ಪಕ್ಕದಲ್ಲೇ ಕೈಟ್ ಹಿಲ್ ಅನ್ನುವ ಹುಲ್ಲುಗುಡ್ಡ, ದಕ್ಷಿಣಕ್ಕೆ ಲೇಕ್ ಯೂನಿಯನ್, ಅದರಾಚೆ ಪೇಟೆಯ ಎತ್ತರದ ಕಟ್ಟಡಗಳು. ಮೊದಲ ಸಲ ಮಾರ್ಚ್ ತಿಂಗಳ ಮಧ್ಯಾಹ್ನ ಕರೆದಿದ್ದೆ. ಸೂರ್ಯ ದಕ್ಷಿಣದಲ್ಲಿ, ಎಲ್ಲರ ಬೆನ್ನ ಹಿಂದೆ. ಕಟ್ಟಡಗಳು ಚೆನ್ನಾಗಿ ಬಂದವು, ಮುಖಗಳೆಲ್ಲ ಕಾವಲಿಯ ತಳದ ಹಾಗೆ ಕಪ್ಪು.

ಎರಡನೇ ಸಲ ಜುಲೈ, ಸಂಜೆ ಏಳು ಗಂಟೆ. ಆಗ ಇಲ್ಲಿ ಒಂಬತ್ತರ ತನಕ ಬೆಳಕು. ಬಿಸಿಲು ಪಶ್ಚಿಮದಿಂದ ಓರೆಯಾಗಿ ಮುಖಕ್ಕೆ ಬೀಳುತ್ತದೆ. ಇಂಥ ಕೂಟದ ವಿವರವನ್ನು ಕನಿಷ್ಠ ಎರಡು ವಾರ ಮೊದಲೇ ಆಟದ ವೆಬ್‌ತಾಣಕ್ಕೆ ಕಳಿಸಬೇಕು, ಕೂಟ ಅರ್ಧ ಗಂಟೆಯಾದರೂ ನಡೆಯಬೇಕು. ಕಳಿಸಿದ ಮರುದಿನ ತಾಣದ ಪರಿಶೀಲಕರು ಕೇಳಿದರು: ಕೂಟ ದೋಣಿಯಲ್ಲೋ? ನೋಡಿದರೆ ಅಕ್ಷಾಂಶದಲ್ಲಿ 38.7 ನಿಮಿಷದ ಬದಲು 38.6 ಒತ್ತಿಬಿಟ್ಟಿದ್ದೆ. ಇಲ್ಲಿ ಒಂದು ನಿಮಿಷ ಅಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು, ನೆಲದ ಮೇಲೆ ಸುಮಾರು 1,850 ಮೀಟರ್. ಒಂದೇ ಅಂಕಿಯ ತಪ್ಪಿಗೆ ಗುಂಪು 185 ಮೀಟರ್ ದಕ್ಷಿಣಕ್ಕೆ ಜಾರಿ ಕೆರೆಯ ನೀರಿನಲ್ಲಿ ನಿಂತಿತ್ತು. ಡಬ್ಬಿ ಹುಡುಕುವವನು ಮಾಡಬಾರದ ತಪ್ಪು, ನಾಚಿಕೆಯಾಯಿತು.

ಬರುತ್ತೇವೆ ಅಂದವರು ಐವತ್ತು, ಬಂದವರು ಮೂವತ್ತಮೂರು. ಅದು ಇದ್ದದ್ದೇ. ನಿಜವಾದ ತಲೆನೋವು ಇಳಿಜಾರು. ಕ್ಯಾಮೆರಾ ಗುಡ್ಡದ ನೆತ್ತಿಯಲ್ಲಿ, ಜನ ಕೆಳಗೆ ನಿಂತರೆ ಹಿಂದಿನ ಸಾಲಿನವರು ಇನ್ನೂ ತಗ್ಗಿಗೆ ಹೋಗಿ ಮುಂದಿನವರ ತಲೆಗೆ ಮರೆಯಾಗುತ್ತಾರೆ. ಹಾಗಾಗಿ ಮನೆಯಿಂದ ನಾಲ್ಕು ಮೆಟ್ಟಿಲ ಅಲ್ಯೂಮಿನಿಯಂ ಏಣಿ ಹೊತ್ತುಕೊಂಡು ಹೋಗಿದ್ದೆ. "ಬಲ್ಬ್ ಹಾಕೋಕೆ ಹೊರಟ ಹಾಗಿದೆ ಕಣ್ರೀ" ಅಂತ ನಮ್ಮವಳು ದಾರಿಯುದ್ದಕ್ಕೂ ನಕ್ಕಳು. ನೆತ್ತಿಯಲ್ಲಿ ಒಂದು ನೆರಳು ಗಡಿಯಾರವಿದೆ. ಅದರ ಮಧ್ಯೆ ನಾವೇ ನಿಂತರೆ ನಮ್ಮ ನೆರಳೇ ಮುಳ್ಳು. ಸಮತಟ್ಟು ಇದ್ದದ್ದು ಅಲ್ಲೇ, ಅಲ್ಲೇ ಏಣಿ ಊರಿದೆ. ಮಕ್ಕಳನ್ನು ಮುಂದೆ ಕೂರಿಸಿ ಉದ್ದನೆಯವರನ್ನು ಹಿಂದಕ್ಕೆ ಕಳಿಸಿದೆ.

ಇನ್ನು ಕಣ್ಣು ಮಿಟುಕಿಸುವವರ ಕಾಟ. ಇದಕ್ಕೂ ಒಂದು ಲೆಕ್ಕವಿದೆ, ಅದಕ್ಕೆ 2006ರ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ, ಕೂಡ ಬಂದಿದೆ: ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ತಲೆಗಳನ್ನು ಮೂರರಿಂದ ಭಾಗಿಸಿದಷ್ಟು ಫೋಟೋ ತೆಗೆಯಬೇಕು. ನಮ್ಮದು ಆ ಲೆಕ್ಕ ಮೀರಿದ ಗುಂಪು. ಎಲ್ಲರೂ ಕಣ್ಣು ಮುಚ್ಚಿ, ಮೂರು ಅಂದಾಗ ತೆರೆಯಿರಿ ಅಂದೆ. ಒಟ್ಟು ಹದಿನೈದು ಕ್ಲಿಕ್‌ನಲ್ಲಿ ಎರಡು ಸರಿ ಬಂದವು.

ಮುಖ ಎಲ್ಲೂ ಹಾಕಬೇಡಿ ಅಂದವರು ಒಬ್ಬರಿದ್ದರು. ಪಕ್ಕಕ್ಕೆ ನಿಲ್ಲಿ ಅನ್ನಲು ನನಗೆ ಮನಸ್ಸಾಗಲಿಲ್ಲ. ಅವರೇ ಚೀಲದಿಂದ, ಈ ಆಟದಲ್ಲಿ ಬಚ್ಚಿಡಲು ಬಳಸುವಂಥ ಹಳೆಯ ಮದ್ದುಗುಂಡಿನ ಡಬ್ಬಿಯ ಹಸಿರು ಮುಚ್ಚಳ ತೆಗೆದು ಮುಖಕ್ಕೆ ಅಡ್ಡ ಹಿಡಿದರು. ಫೋಟೋದಲ್ಲಿ ಎಲ್ಲರೂ ಮೊದಲು ನೋಡುವುದು ಆ ಮುಚ್ಚಳವನ್ನೇ.