ಅವಿಲ್, ಡೆಕ್ಸಾ ಇಲ್ಲದೆ ಐರನ್ ಡ್ರಿಪ್: ನನ್ನ ಅನುಭವ

ರಕ್ತ ಕಡಿಮೆ ಇರುವವರ ನರಕ್ಕೆ ಕಬ್ಬಿಣಾಂಶದ ಔಷಧ ಹನಿಸುವುದೇ ಐರನ್ ಡ್ರಿಪ್. ಅಲರ್ಜಿ ಆಗದಿರಲೆಂದು ಅದಕ್ಕೆ ಮುಂಚೆ ಅವಿಲ್ (ಅಲರ್ಜಿ ಇಂಜೆಕ್ಷನ್), ಡೆಕ್ಸಾ (ಸ್ಟೀರಾಯ್ಡ್) ಕೊಡುವ ರೂಢಿಯಿದೆ, ನಾನು ಕೊಡುವುದಿಲ್ಲ. "ಐರನ್ ಹಾಕೋಕೆ ಮುಂಚೆ ಅವಿಲ್, ಡೆಕ್ಸಾ ಕೊಡದಿದ್ರೆ ಒಂದಿನ ಸಿಕ್ಕಾಕ್ಕೊಂತೀಯ ಗುರುವೇ" ಅಂತ ಚಿತ್ರದುರ್ಗದ ಡಾಕ್ಟರ್ ಗೆಳೆಯರು ಹೆದರಿಸುತ್ತಲೇ ಇದ್ದರು. ಈಗ ಅವರೇ ಫೋನ್ ಮಾಡಿ ನನ್ನ ಕ್ರಮ ಕೇಳುತ್ತಾರೆ!

ಡ್ರಿಪ್ಪಿನ ಔಷಧಗಳಲ್ಲಿ ಐರನ್ ಸುಕ್ರೋಸ್ ಏನೋ ಒಳ್ಳೆಯದೇ, ಆದರೆ ಚಳ್ಳಕೆರೆ ಸುತ್ತಿನ ಹಳ್ಳಿಗಳಿಗೆ ಒಗ್ಗಲಿಲ್ಲ. ಬಾಣಂತಿಗೆ 1000 ಮಿಲಿಗ್ರಾಂ ಹೋಗಬೇಕೆಂದರೆ 200ರಂತೆ ಐದು ಸಲ ಬರಬೇಕು. ಶೇಂಗಾ ಕೀಳುವ ಹೊತ್ತಿನಲ್ಲಿ ಯಾರು ಬರುತ್ತಾರೆ? ಅವಳ ಕೂಲಿ ಹೋಯಿತು, ಜೊತೆಗೆ ಬಂದ ಅತ್ತೆಯ ಕೂಲಿಯೂ ಹೋಯಿತು, ಮೇಲೆ ಪ್ರೈವೇಟ್ ಬಸ್ಸಿನ ಚಾರ್ಜು. ಎರಡು ಡೋಸಿಗೆ ಅರ್ಧಕ್ಕರ್ಧ ಜನ ನಾಪತ್ತೆ. ಅಷ್ಟನ್ನೂ ಒಂದೇ ಸಲಕ್ಕೆ ಹಾಕಬಹುದಾದ ಇನ್ನೊಂದು ಐರನ್ ಔಷಧ, ಕಾರ್ಬಾಕ್ಸಿಮಾಲ್ಟೋಸ್, ಎರಡೂವರೆ, ಮೂರು ಸಾವಿರ ಬೀಳುತ್ತಿತ್ತು. ಆದರೂ ಲೆಕ್ಕ ಕೂಡಿಸಿ ತೋರಿಸಿದರೆ ಅತ್ತೆಯೇ "ಒಂದೇ ಸಲ ಹಾಕ್ಬಿಡಿ ಸಾರ್" ಅನ್ನುತ್ತಾಳೆ.

ಇದನ್ನು ಬೆರೆಸಲು ನಾರ್ಮಲ್ ಸಲೈನ್ (ಉಪ್ಪುನೀರಿನ ದ್ರಾವಣ) ಮಾತ್ರ, 250 ಎಂ.ಎಲ್. ಮೀರಬಾರದು. ಕಾಲು ಗಂಟೆಯಲ್ಲಿ ಮುಗಿಸಬಹುದಾದ್ದನ್ನು ನಾನು ಅರ್ಧ ಗಂಟೆ ಎಳೆಯುತ್ತೇನೆ. ಮೊದಲ ಐದು ನಿಮಿಷ ಹನಿ ತೀರಾ ನಿಧಾನ, ಪಕ್ಕದ ಸ್ಟೂಲಿನಲ್ಲಿ ನಾನೇ. ಮುಗಿದ ಮೇಲೂ ಅರ್ಧ ಗಂಟೆ ಬಿಡುವುದಿಲ್ಲ. ಜೋರು ಅಲರ್ಜಿಯಾದರೆ ಜೀವ ಉಳಿಸುವ ಇಂಜೆಕ್ಷನ್, ಅಡ್ರಿನಲಿನ್, ಟ್ರೇಯಲ್ಲೇ ಇರುತ್ತದೆ.

ಕೆಲವರಿಗೆ ಮುಖ ಕೆಂಪಾಗುತ್ತದೆ, ಎದೆ ಬಿಗಿಯುತ್ತದೆ, ಬೆನ್ನು ಹಿಡಿಯುತ್ತದೆ. ಬಿ.ಪಿ. ಸರಿಯಿದ್ದು, ದದ್ದು, ಉಬ್ಬಸ ಇಲ್ಲದಿದ್ದರೆ ಡ್ರಿಪ್ ನಿಲ್ಲಿಸಿ ಸುಮ್ಮನೆ ಕಾಯಿರಿ. ತಾನೇ ಇಳಿದ ಮೇಲೆ ಅರ್ಧ ವೇಗದಲ್ಲಿ ಮತ್ತೆ ಶುರು. ಅಲ್ಲೇ ಅವಿಲ್ ಚುಚ್ಚಿದರೆ ರೋಗಿ ತೂಕಡಿಸುತ್ತಾಳೆ, ಬಿ.ಪಿ. ಇಳಿಯಬಹುದು, ಇಲ್ಲದ ರಿಯಾಕ್ಷನ್ನು ಇದ್ದಂತೆ ಕಾಣುತ್ತದೆ. ನಿಜವಾಗಿ ಬಿ.ಪಿ. ಕುಸಿದು ಉಬ್ಬಸ ಬಂತೋ, ತೊಡೆಗೆ 0.5 ಮಿಲಿಗ್ರಾಂ ಅಡ್ರಿನಲಿನ್, ಯೋಚನೆ ಬೇಡ. ಜೋರು ಅಸ್ತಮಾ, ಹತ್ತಾರು ಅಲರ್ಜಿ ಇರುವವರನ್ನು ದೊಡ್ಡಾಸ್ಪತ್ರೆಗೇ ಕಳಿಸುತ್ತೇನೆ. ಮೊದಲ ಮೂರು ತಿಂಗಳ ಬಸುರಿಗೆ ಹಾಕುವುದೇ ಇಲ್ಲ.

ನನಗೆ ನಿಜವಾದ ತಲೆನೋವು ತಂದದ್ದು ಚರ್ಮದ ಮೇಲೆ ಉಳಿಯುವ ಕಲೆ. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ಕೈ ಅಲ್ಲಾಡಿಸಿ ಔಷಧ ಹೊರಗೆ ಸೋರಿತು. ಮೊಣಕೈ ಕೆಳಗೆ ಅಂಗೈಯಗಲ ಕಂದು ಬಣ್ಣ, ತಿಂಗಳುಗಟ್ಟಲೆ ಹೋಗಲಿಲ್ಲ. ಅವರಪ್ಪ ಬಿಲ್ಲನ್ನೂ ಕಟ್ಟಲಿಲ್ಲ. ಅಂದಿನಿಂದ ಮೊದಲು ಬರೀ ಸಲೈನ್ ಬಿಟ್ಟು ನೋಡುತ್ತೇನೆ, ಚುರುಕ್ ಅಂದರೂ ನರ ಬದಲು. ಕ್ಯಾನುಲಾ (ನರದೊಳಗೆ ಕೂರಿಸುವ ಸಣ್ಣ ನಳಿಕೆ) ಅಂಟಿಸುವುದರಲ್ಲಿ ಒಂದು ಕೈಚಳಕವಿದೆ. ಅದನ್ನು ಇಲ್ಲಿ ಬರೆಯಲ್ಲ, ಬಂದರೆ ತೋರಿಸುತ್ತೇನೆ.

ಹಿಮೋಗ್ಲೋಬಿನ್ ಒಂಬತ್ತು, ಹತ್ತು ಇರುವವರಿಗೆ ದಿನ ಬಿಟ್ಟು ದಿನ ಐರನ್ ಮಾತ್ರೆ, ನಿಂಬೆ ಪಾನಕದ ಜೊತೆ, ಕೊಟ್ಟು ನೋಡಿದೆ. ಹೊಟ್ಟೆಯುರಿ ದೂರು ಕಡಿಮೆಯಾಯಿತು, ಡ್ರಿಪ್ಪಿನ ಅಗತ್ಯವೂ ತಪ್ಪಿತು. ಡ್ರಿಪ್ ಎರಡನೇ ಸಲ ಬೇಕಾದವರಿಗೆ ಈಗ ಮೊದಲು ರಕ್ತದ ಫಾಸ್ಫೇಟ್ ಪರೀಕ್ಷೆ ಮಾಡಿಸುತ್ತೇನೆ, ಈ ಔಷಧದಿಂದ ಅದು ಇಳಿಯಬಹುದು: ಒಬ್ಬಾಕೆಗೆ ಹಿಮೋಗ್ಲೋಬಿನ್ ಹನ್ನೊಂದಕ್ಕೆ ಏರಿದರೂ ಸುಸ್ತು, ಮೂಳೆನೋವು ಬಿಡಲಿಲ್ಲ, ನೋಡಿದರೆ ಫಾಸ್ಫೇಟ್ ಕೆಳಗಿತ್ತು.