ಕರಿ ಒಂದು, ಕರಿ ಮೂರು: ಪಾರಿಜಾತಕ್ಕೆ ಮೇಳ ಕಟ್ಟಿದ್ದು

ಗಂಡಸರು, ಹೆಂಗಸರು ಒಂದೇ ಮೇಳದಲ್ಲಿ ಕೂತು ಉತ್ತರ ಕರ್ನಾಟಕದ ಬಯಲಾಟವಾದ ಶ್ರೀಕೃಷ್ಣ ಪಾರಿಜಾತದ ಪದ ಹಾಡುವುದು ಆಗದ ಮಾತು ಅಂತ ನಮ್ಮ ಕಡೆಯ ಪೇಟಿ (ಹಾರ್ಮೋನಿಯಂ) ಮಾಸ್ತರರೆಲ್ಲ ಹೇಳಿದ್ದರು. ‘ಧಣ್ಯಾರ, ಗಂಡಸರದು ಕರಿ ಒಂದು, ಹೆಣ್ಣಮಕ್ಕಳಿಗೆ ಅದು ಪಾತಾಳ. ಕರಿ ನಾಕಕ್ಕ ಏರಿಸಿದ್ರ ಗಂಡಸರ ಗಂಟ್ಲ ಹರೀತದ.’ ಕರಿ ಒಂದು, ಕರಿ ನಾಕು ಅಂದರೆ ಪೇಟಿಯ ಒಂದನೇ, ನಾಲ್ಕನೇ ಕರಿ ಮನೆ; ಯಾವ ಮನೆಯನ್ನು ಷಡ್ಜ (ಸ) ಮಾಡಿಕೊಂಡರೋ ಅದೇ ಹಾಡುವವರ ಶ್ರುತಿ. ಹೋದ ಜಾತ್ರೆಯಲ್ಲಿ ಇಪ್ಪತ್ತು-ಇಪ್ಪತ್ತೈದು ಜನ ಕೂತು ಬೆಳತನಕ ಹಾಡಿದರು. ಈಗ ಅದೇ ಮಾಸ್ತರರು ಫೋನ್ ಮಾಡಿ ‘ಹೆಂಗ ಮಾಡಿದ್ರಿ’ ಅಂತ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ದೇಸಗತಿ ಮನೆತನ. ಜಮೀನು ಬಹಳಷ್ಟು ಹೋಗಿದೆ, ವಾಡೆ ಉಳಿದಿದೆ. ಧಾರವಾಡದಲ್ಲಿ ಖಯಾಲ್ ಕಲಿತು ಊರಿಗೆ ಬಂದವನು ತಾಲೀಮನ್ನು ವಾಡೆಯ ಪಡಸಾಲೆಯಲ್ಲೇ ಇಟ್ಟೆ. ಯಾರೂ ಬಾಯಿ ಬಿಡಲಿಲ್ಲ. ಮದುವೆಮನೆಯಲ್ಲಿ ಇಡೀ ಓಣಿಗೆ ಕೇಳುವಂತೆ ಸೋಬಾನ ಹೇಳುವ ಮುದುಕಿ, ಸೆರಗು ಬಾಯಿಗಿಟ್ಟು ಕಂಬದ ಹಿಂದೆ ಕೂತಳು. ಒಂದು ಮಳೆಗಾಲ ಹೀಗೇ ಹೋಯಿತು. ಪೇಟಿಯನ್ನು ಹಣಮಪ್ಪನ ಗುಡಿ ಕಟ್ಟೆಗೆ ಒಯ್ದು, ನಾನೂ ಅವರ ಸಾಲಿನಲ್ಲೇ ಕೂತ ಮೇಲೆ ದನಿ ಹೊರಬಿತ್ತು.

ರೊಕ್ಕದ ಮಾತು. ತಾಲೀಮಿಗೆ ಬಂದವರಿಗೆ ಅರ್ಧ ದಿನದ ಕೂಲಿ ಕೊಟ್ಟು ನೋಡಿದೆ. ಹಾಜರಿ ತುಂಬಿತು, ಹಾಡು ಹುಟ್ಟಲಿಲ್ಲ. ಅದನ್ನು ನಿಲ್ಲಿಸಿ, ಆಟದ ದಿನ ಎಲ್ಲರಿಗೂ ಸಮನಾಗಿ ವೀಳ್ಯ ಕೊಡುವುದು ಅಂತಾಯಿತು. ಗಾಳಿ ಸೋರುತ್ತಿದ್ದ ಪೇಟಿಯ ದುರಸ್ತಿಗೆ 9–10 ಸಾವಿರ, ಮೈಕಿನವನಿಗೆ ಅಷ್ಟೇ. ಚಹಾ ಚುರಮರಿಯ ಲೆಕ್ಕ ಮಾತ್ರ ಕೇಳಬೇಡಿ. ಒಟ್ಟು 70 ಸಾವಿರದ ಆಸುಪಾಸು. ಸಾಂಗಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರ ಆಶ್ರಯದಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರ ಅನ್ನುವ ಮರಾಠಿ ನಾಟಕ ಆಡಿಸಿದರಲ್ಲ, ಅದಕ್ಕೂ ಪ್ರೇರಣೆ ನಮ್ಮ ಕರ್ನಾಟಕದ ಮೇಳದ ಆಟವೇ. ಆದರೆ ಅವರ ಬೆನ್ನಿಗೆ ಖಜಾನೆ ಇತ್ತು, ನನ್ನದು ತಡವಾಗಿ ಬರುವ ಕಬ್ಬಿನ ಬಿಲ್ಲು.

ಇನ್ನು ಶ್ರುತಿಯ ಗಂಟು. ಹಿಂದೂಸ್ತಾನಿ ಗಾಯಕ ಪಂಡಿತ ಜಸರಾಜರು ಗಂಡು-ಹೆಣ್ಣು ಕೂಡಿ ಹಾಡುವ ಜಸರಂಗಿ ಅಂತ ಜುಗಲಬಂದಿ ಕಟ್ಟಿದರು: ಗಂಡಿನ ಮಧ್ಯಮವೇ (ಮ) ಹೆಣ್ಣಿನ ಷಡ್ಜ. ಬೈಠಕಿನಲ್ಲಿ ಆಗುವುದು ಕಟ್ಟೆಯ ಮೇಲೆ ಯಾಕಾಗಬಾರದು ಅನ್ನಿಸಿತು. ಗಂಡಸರಿಗೆ ಕರಿ ಒಂದರಲ್ಲಿ ದುರ್ಗಾ ರಾಗ, ಹೆಂಗಸರಿಗೆ ಅದರ ಮಧ್ಯಮವಾದ ಕರಿ ಮೂರರಲ್ಲಿ ಭೂಪ ರಾಗ. ಪೇಟಿಯ ಮೇಲೆ ಬೆರಳಿಟ್ಟು ನೋಡಿ, ಎರಡಕ್ಕೂ ಅದೇ ಐದು ಕರಿ ಮನೆ, ಬಿಳಿ ಮನೆ ಮುಟ್ಟುವ ಹಾಗೇ ಇಲ್ಲ. ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿದರೆ ಇಬ್ಬರಿಗೂ ಆಸರೆ.

ಮಟ್ಟು ಬದಲಿಸಿದ್ದು ಒಂದೇ ಕಡೆ, ಕೃಷ್ಣ ಸತ್ಯಭಾಮೆಯ ಬಾಗಿಲ ಮುಂದೆ ನಿಂತ ಸಂದರ್ಭದಲ್ಲಿ. ಹೊರಗಿನಿಂದ ಕೃಷ್ಣ, ಅವನ ಸೊಲ್ಲು ಎತ್ತಿಕೊಳ್ಳಲು ಗಂಡಸರು. ಒಳಗಿನಿಂದ ಭಾಮೆ, ಅವಳ ಹಿಂದೆ ಹೆಂಗಸರು. ಇಬ್ಬರ ಷಡ್ಜ ಬೇರೆಯಾದ್ದರಿಂದ ಜಗಳ ಖರೇನೇ ಜಗಳದಂತೆ ಕೇಳುತ್ತದೆ. ಪಾರಿಜಾತದ ಕವಿ ಕುಲಗೋಡ ತಮ್ಮಣ್ಣನ ಕಾಲದ ಮಟ್ಟು ಕೆಡಿಸಿದೆ ಅಂತ ಒಬ್ಬಿಬ್ಬರು ಬೈದರು. ಪಾರಿಜಾತದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನ ಆಟ ನೋಡಿದ್ದ ಹಿರಿಯರೊಬ್ಬರು ಮಾತ್ರ ಆ ಪದವನ್ನು ಇನ್ನೊಮ್ಮೆ ಹಾಡಿಸಿದರು. ನನಗೆ ಅಷ್ಟು ಸಾಕು.

ಗಂಡಸರ ಸೊಲ್ಲು ಮುಗಿಯುವ ಮುಂಚೆಯೇ ಹೆಂಗಸರು ತಮ್ಮ ಷಡ್ಜ ಹಿಡಿಯಬೇಕು. ಅಲ್ಲೇ ಎಲ್ಲರೂ ಜಾರುವುದು. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಕಟ್ಟೆಗೆ ಬನ್ನಿ, ಹಾಡಿ ತೋರಿಸುತ್ತೇನೆ.

ಹುಚ್ಚು ಅಷ್ಟಕ್ಕೇ ನಿಲ್ಲಲಿಲ್ಲ. ಸಾಲಿ ಹುಡುಗರಿಗೆ ಕರಿ ಐದು ಷಡ್ಜ ಕೊಟ್ಟರೆ ಅದೇ ಐದು ಮನೆಯಲ್ಲಿ ಮಾಲಕಂಸ ರಾಗ ಸಿಗುತ್ತದೆ. ನಾರದನ ಜತೆಗೆ ಹುಡುಗರ ಗುಂಪೊಂದನ್ನು ಬಿಡೋಣ ಅಂದುಕೊಂಡೆ. ಹುಡುಗರು ನಾಲ್ಕನೇ ಆವರ್ತನಕ್ಕೆ ತಾಯಂದಿರ ಭೂಪಕ್ಕೇ ಹೋಗಿ ಕೂಡಿಕೊಂಡರು, ಎಷ್ಟು ಎಳೆದರೂ ಬರಲಿಲ್ಲ. ಅದನ್ನು ಬರುವ ಬೇಸಿಗೆಗೆ ಇಟ್ಟಿದ್ದೇನೆ. ಅಷ್ಟರಲ್ಲಿ ಹೊಳೆಯಾಚೆಯ ಊರಿನವರು ಕರೆದಿದ್ದಾರೆ. ದೀಪಾವಳಿಯೊಳಗೆ ಕಲಿಸದಿದ್ದರೆ ಕಬ್ಬು ಕಡಿಯುವ ಕಾಲ ಬಂದು ಒಬ್ಬರೂ ಸಿಗುವುದಿಲ್ಲ.